ಉಳಿದ ಒಂಬತ್ತು ವಾಕ್ಯ

ಮಿಲ್ಲಿ ಸಾಫರ್ ಎಂಬ ಎಂಬತ್ತೆರಡು ವರ್ಷದ ಯಹೂದಿ ಮುದುಕಿಗೆ ಡಾಕ್ಟರ್ ವಿಶಾಲಾಕ್ಷಿ ಕಣ್ಣಾದದ್ದು ಬೇಲಿಯ ಮೇಲಿಂದ ಆಡಿದ ಒಂದು ಮಾತಿನಿಂದ. ಲಂಡನ್ನಿನ ಸ್ಟ್ಯಾನ್ಮೋರ್‌ನ ಆ ಬೀದಿಯಲ್ಲಿ ಇಬ್ಬರದೂ ಅಕ್ಕಪಕ್ಕದ ಮನೆ. ಮುದುಕಿಯ ಕಣ್ಣಿನ ನಡುಭಾಗ ಸವೆದುಹೋಗಿತ್ತು. ಎದುರಿಗಿದ್ದವರ ಕಿವಿ ಕಾಣುತ್ತಿತ್ತು, ಮೂಗು ಕಾಣುತ್ತಿರಲಿಲ್ಲ. ಹಾಲಿನ ಡಬ್ಬಿಯ ತಾರೀಖು ಓದಲು ಕರೆದವಳು ಮರುವಾರ ಕಾಗದ ಓದಲು ಕರೆದಳು, ಅದರ ಮರುವಾರ ತೋರಾ ಓದಲು ಕರೆದಳು. ಬೆರಳು ಕೊಟ್ಟರೆ ಹಸ್ತ ನುಂಗುವವರ ಪೈಕಿ ಅವಳು.

ಯಹೂದಿಗಳು ತಮ್ಮ ಧರ್ಮಗ್ರಂಥವಾದ ತೋರಾವನ್ನು ವರ್ಷದ ವಾರಗಳಿಗೆ ಹಂಚಿಕೊಂಡು ವಾರಕ್ಕೊಂದು ಭಾಗ ಓದುತ್ತಾರೆ, ಮುಗಿದ ದಿನವೇ ಮತ್ತೆ ಮೊದಲಿನಿಂದ ಶುರು ಮಾಡುತ್ತಾರೆ. ಶನಿವಾರ ಬೆಳಿಗ್ಗೆ ಪ್ರಾರ್ಥನೆಗೆ ಮೊದಲು ಅವರ ಪ್ರಾರ್ಥನಾಮಂದಿರವಾದ ಸಿನಗಾಗಿನ ಹಿಂದಿನ ಕೋಣೆಯಲ್ಲಿ ಎಂಟೊಂಬತ್ತು ಜನ ಕೂತು ಆ ವಾರದ ಭಾಗದ ಮೇಲೆ ವಾದ ಮಾಡುತ್ತಿದ್ದರು. ಅದಕ್ಕೆ ಸಿದ್ಧತೆ ಇಬ್ಬಿಬ್ಬರಾಗಿ ನಡೆಯಬೇಕು. ಒಬ್ಬರು ಓದುವುದು, ಇನ್ನೊಬ್ಬರು ತಕರಾರು ಎತ್ತುವುದು. ಮಿಲ್ಲಿಯ ಮೂವತ್ತು ವರ್ಷದ ಜೊತೆಗಾತಿ ತೀರಿಕೊಂಡಿದ್ದಳು. ನಿಮ್ಮ ದೇವರು ನನಗೆ ಗೊತ್ತಿಲ್ಲವಲ್ಲ ಎಂದು ವಿಶಾಲಾಕ್ಷಿ ಜಾರಿಕೊಳ್ಳಲು ನೋಡಿದಳು. ನನಗೂ ಅಷ್ಟಕ್ಕಷ್ಟೇ ಗೊತ್ತು, ನೀನು ಓದು ಎಂದಳು ಮಿಲ್ಲಿ. ಗುರುವಾರ ಮಧ್ಯಾಹ್ನ ವಿಶಾಲಾಕ್ಷಿಯ ಕ್ಲಿನಿಕ್ಕಿಗೆ ಅರ್ಧ ದಿನ ರಜೆ. ಹಾಗೆ ಎರಡು ವರ್ಷದಿಂದ ಗುರುವಾರಗಳು ಮಿಲ್ಲಿಯ ಪಾಲಾಗಿದ್ದವು.

ಒಂದು ಕಟ್ಟುನಿಟ್ಟಿತ್ತು: ಒಂದು ಪದವನ್ನೂ ಬಿಡುವಂತಿಲ್ಲ. ಸಿನಗಾಗಿನಲ್ಲಿ ಓದುವವನು ಒಂದು ಅಕ್ಷರ ತಪ್ಪಿದರೂ ಕೂತವರಲ್ಲಿ ಯಾರಾದರೂ ಕೂಗಿ ಹೇಳುತ್ತಾರೆ, ಅವನು ಹಿಂದಕ್ಕೆ ಹೋಗಿ ಮತ್ತೆ ಓದಲೇಬೇಕು. ವಿಶಾಲಾಕ್ಷಿಗೆ ಇದು ಹೊಸದೇನಲ್ಲ. ಧಾರವಾಡದಲ್ಲಿ ಅವಳ ತಂದೆ ಪಾರಾಯಣಕ್ಕೆ ಕೂತರೆ ಮನೆಗೆ ಬೆಂಕಿ ಬಿದ್ದರೂ ಅಧ್ಯಾಯ ಮುಗಿಸದೆ ಏಳುವ ಮನುಷ್ಯನಾಗಿರಲಿಲ್ಲ.

ಆ ಓದು ಅವಳಿಗೆ ಹಿಡಿಸಿದ್ದಕ್ಕೆ ಇನ್ನೊಂದು ಕಾರಣವಿತ್ತು, ಅದನ್ನು ಅವಳು ಯಾರಿಗೂ ಹೇಳಿರಲಿಲ್ಲ. ಮಿಲ್ಲಿಯ ಮನೆಯೊಳಗೆ ಐವರ್ ಪ್ರಾಸರ್ ಬರುತ್ತಿರಲಿಲ್ಲ.

ಐವರ್ ಪ್ರಾಸರ್ ಸತ್ತು ಹನ್ನೆರಡು ವರ್ಷವಾಗಿತ್ತು. ಆದರೂ ಅವನು ಬಸ್ ಸ್ಟಾಪಿನ ಬೆಂಚಿನ ಮೇಲೆ ಕೂತಿರುತ್ತಿದ್ದ, ಕ್ಲಿನಿಕ್ಕಿನಲ್ಲಿ ಪೇಷೆಂಟುಗಳ ನಡುವೆ ಕೂತಿರುತ್ತಿದ್ದ, ಕಿಂಗ್ಸ್‌ಬರಿಯ ತರಕಾರಿ ಅಂಗಡಿಯ ಎದುರಿನ ಗೋಡೆಗೆ ಒರಗಿರುತ್ತಿದ್ದ. ಕೈಗೆ ಆಸ್ಪತ್ರೆಯ ಪ್ಲಾಸ್ಟಿಕ್ ಪಟ್ಟಿ, ಕಾಲಲ್ಲಿ ಲೇಸು ಕಟ್ಟದ ಬೂಟು. ಏನೂ ಕೇಳುತ್ತಿರಲಿಲ್ಲ, ಬೆದರಿಸುತ್ತಿರಲಿಲ್ಲ, ಬರೀ ಕಾಯುತ್ತಿದ್ದ. ವಿಶಾಲಾಕ್ಷಿ ವಿಜ್ಞಾನ ಓದಿದವಳು, ದೆವ್ವವೆಂದರೆ ನಗುವವಳು. ಆದರೂ ಬೆಂಚು ಕಂಡರೆ ರಸ್ತೆಯ ಆಚೆ ಬದಿಗೆ ದಾಟುತ್ತಿದ್ದಳು. ಗಂಡ ರಾಮಪ್ರಸಾದ ಕೆಲಸದ ಆಯಾಸ ಎಂದ, ರಜೆ ತೆಗೆದುಕೊ ಎಂದ, ಕೊನೆಗೆ ದೇವಸ್ಥಾನದಲ್ಲಿ ಒಂದು ಶಾಂತಿಯನ್ನೂ ಮಾಡಿಸಿದ. ಪ್ರಾಸರ್ ಪ್ರಸಾದದ ಸಾಲಿನಲ್ಲೂ ನಿಂತಿದ್ದ.

ನಡೆದದ್ದು ಇಷ್ಟು. ತೊಂಬತ್ತೊಂದರ ಆಗಸ್ಟಿನಲ್ಲಿ ವಿಶಾಲಾಕ್ಷಿ ಉತ್ತರ ಲಂಡನ್ನಿನ ಒಂದು ಆಸ್ಪತ್ರೆಯ ಕ್ಯಾಶುವಾಲ್ಟಿಯಲ್ಲಿ ಜೂನಿಯರ್ ಡಾಕ್ಟರಾಗಿದ್ದಳು. ಎದೆನೋವೆಂದು ಬಂದಿದ್ದ ಪ್ರಾಸರ್ ಎಪ್ಪತ್ತಮೂರರ ಮುದುಕ, ವೇಲ್ಸ್ ಕಡೆಯವನು, ಒಂದು ಕಾಲದಲ್ಲಿ ಹಾಲು ಹಾಕುತ್ತಿದ್ದವನು. ಇಸಿಜಿ ಸರಿಯಾಗಿತ್ತು, ನೋವು ಇಳಿದಿತ್ತು. ಬೆಳಗಿನ ಆರು ಗಂಟೆಗೆ ಕಾರಿಡಾರಿನಲ್ಲಿ ಟ್ರಾಲಿಗಾಗಿ ಏಳು ಜನ ಕಾಯುತ್ತಿದ್ದರು. ಒಂಟಿಯಾಗಿರುವ ಮುದುಕರನ್ನು ಜೊತೆಗೊಬ್ಬರಿಲ್ಲದೆ ಆ ಹೊತ್ತಿನಲ್ಲಿ ಕಳಿಸುವಂತಿರಲಿಲ್ಲ. ಯಾರು ಕರೆದೊಯ್ಯುತ್ತಾರೆ ಎಂದು ಫಾರ್ಮಿನಲ್ಲಿ ಬರೆಯಬೇಕಿತ್ತು. ಕೇಳಿದರೆ ಅವನು, ನನಗೆ ಯಾರೂ ಇಲ್ಲ ಅಂದ. ಹತ್ತಿರದ ಸಂಬಂಧಿ ಎಂಬ ಕಡೆ ಮಗಳ ಹೆಸರು ಮೊದಲೇ ಇತ್ತು: ಗ್ಲೆನಿಸ್. ಮೂವತ್ತು ಗಂಟೆ ನಿದ್ದೆಗೆಟ್ಟ ವಿಶಾಲಾಕ್ಷಿ ಬರೆದಳು: ಮಗಳು ಬಂದು ಕರೆದೊಯ್ಯುತ್ತಾಳೆಂದು ಪೇಷೆಂಟ್ ಹೇಳಿದ್ದಾರೆ. ಬಗ್ಗಿ ಲೇಸು ಕಟ್ಟಿಕೊಳ್ಳಲಾಗದೆ ಅವನು ಹಾಗೇ ಎದ್ದು ಹೋದದ್ದನ್ನು ಅವಳು ನೋಡಿದಳು. ಮುಂದಿನ ಪೇಷೆಂಟಿನ ಪರದೆ ಸರಿಸಿದಳು.

ಆಸ್ಪತ್ರೆಯ ಬಾಗಿಲಿಂದ ಇನ್ನೂರು ಗಜದ ಬಸ್ ಸ್ಟಾಪಿನಲ್ಲಿ ಅವನು ಕೂತಲ್ಲೇ ಸತ್ತಿದ್ದ. ನಿದ್ದೆ ಹೋಗಿದ್ದಾನೆಂದುಕೊಂಡು ಎರಡು ಗಂಟೆ ಯಾರೂ ಮುಟ್ಟಿರಲಿಲ್ಲ.

ಇಂಥ ಸಾವುಗಳನ್ನು ವಿಚಾರಿಸುವ ಕರೋನರ್ ಕೋರ್ಟಿನಲ್ಲಿ ವಿಶಾಲಾಕ್ಷಿ ಪ್ರಮಾಣ ಮಾಡಿ ಫಾರ್ಮಿನಲ್ಲಿದ್ದದ್ದನ್ನೇ ಹೇಳಿದಳು. ವೀಸಾ, ಟ್ರೈನಿಂಗು, ರಾಮಪ್ರಸಾದನ ಕೆಲಸ, ಊರಿನಲ್ಲಿ ಡಾಕ್ಟರ್ ಮಗಳೆಂದು ಬೀಗುತ್ತಿದ್ದ ಅಪ್ಪ, ಎಲ್ಲ ಆ ಒಂದು ಸಾಲಿಗೆ ಜೋತುಬಿದ್ದಿದ್ದವು. ಎದುರು ಬೆಂಚಿನಲ್ಲಿದ್ದ ಗ್ಲೆನಿಸ್ ಎದ್ದುನಿಂತು, ನಮ್ಮಪ್ಪ ಮಗಳು ಬರುತ್ತಾಳೆ ಅಂದರೇ, ಆ ಮಾತನ್ನೇ ಅಂದರೇ ಎಂದು ಎರಡು ಸಲ ಕೇಳಿದಳು. ವಿಶಾಲಾಕ್ಷಿ ಎರಡು ಸಲವೂ ಹೌದೆಂದಳು. ಆ ಹೆಂಗಸು ಮುಖ ಮುಚ್ಚಿಕೊಂಡು ಅತ್ತಳು. ಯಾರ ತಪ್ಪೂ ಇಲ್ಲವೆಂದು ಕೋರ್ಟು ಮುಗಿಸಿತು. ಆದರೆ ಬಾರದೆ ಹೋದ ಮಗಳು ಎಂಬ ಹೆಸರು ಒಬ್ಬಳ ತಲೆಗೆ ಬಿತ್ತು, ಅದನ್ನು ಹೊರಿಸಿದವಳು ತಾನು. ವಿಶಾಲಾಕ್ಷಿಯನ್ನು ತಿನ್ನುತ್ತಿದ್ದದ್ದು ಸಾವಿಗಿಂತ ಹೆಚ್ಚಾಗಿ ಇದು. ವರ್ಷಕ್ಕೊಮ್ಮೆ ಫೋನ್ ಡೈರೆಕ್ಟರಿಯಲ್ಲಿ ಆ ಹೆಸರು ಹುಡುಕುವಳು; ಸ್ಟ್ರಾಟ್‌ಫರ್ಡ್‌ಗೆ ಮನೆ ಬದಲಾದದ್ದೂ ಅವಳಿಗೆ ಗೊತ್ತು. ಮೂರು ಸಲ ಫೋನು ಮಾಡಿ, ಹಲೋ ಕೇಳಿಸಿದ ಕೂಡಲೇ ಇಟ್ಟಿದ್ದಳು.

ಎರಡು ಸಾವಿರದ ಮೂರರ ಆಗಸ್ಟಿನ ಕೊನೆಯ ಗುರುವಾರ ಅವರು ನ್ಯಾಯಾಧಿಪತಿಗಳ ಭಾಗ ಓದುತ್ತಿದ್ದರು. ಊರಿಗೆ ನ್ಯಾಯಗಾರರನ್ನು ನೇಮಿಸುವ ಬಗ್ಗೆ, ರಾಜ ಎಷ್ಟು ಕುದುರೆ ಇಟ್ಟುಕೊಳ್ಳಬೇಕೆಂಬ ಬಗ್ಗೆ, ಯುದ್ಧದಲ್ಲಿ ಹಣ್ಣಿನ ಮರ ಕಡಿಯಬಾರದೆಂಬ ಬಗ್ಗೆ. ಆ ವರ್ಷದ ಬೇಸಿಗೆ ಲಂಡನ್ನಿಗೆ ಧಾರವಾಡದ ಏಪ್ರಿಲ್ ತಂದುಕೊಟ್ಟಿತ್ತು. ಮಿಲ್ಲಿ ಒದ್ದೆ ಟವೆಲನ್ನು ಕುತ್ತಿಗೆಗೆ ಸುತ್ತಿಕೊಂಡು ಕೂತು, ರಾಜನ ಕುದುರೆಗಳ ಬಗ್ಗೆ ಒಂದಷ್ಟು ಕುಹಕ ಆಡಿದಳು. ವಿಶಾಲಾಕ್ಷಿ ಮುಂದಿನ ಅಧ್ಯಾಯದ ಮೊದಲ ಸಾಲುಗಳಿಗೆ ಕಣ್ಣು ಹಾಯಿಸಿದಳು. ಬಯಲಲ್ಲಿ ಒಂದು ಹೆಣ ಬಿದ್ದಿದೆ, ಕೊಂದವನು ಯಾರೆಂದು ಗೊತ್ತಿಲ್ಲ. ಹಿರಿಯರು ಬಂದು ಹೆಣದಿಂದ ಸುತ್ತಲಿನ ಊರುಗಳಿಗೆ ಎಷ್ಟು ದೂರವೆಂದು ಅಳೆಯಬೇಕು. ಹತ್ತಿರದ ಊರು ಯಾವುದೋ ಅದರ ಹಿರಿಯರು ಹರಿಯುವ ನೀರಿನ ಕಣಿವೆಗೆ ಒಂದು ಕಡಸನ್ನು ಒಯ್ದು ಅದರ ಕುತ್ತಿಗೆ ಮುರಿದು, ಅದರ ಮೇಲೆ ಕೈ ತೊಳೆದು, ಈ ರಕ್ತ ನಮ್ಮ ಕೈ ಹರಿಸಿದ್ದಲ್ಲ, ನಮ್ಮ ಕಣ್ಣು ಕಂಡದ್ದಲ್ಲ ಎಂದು ಹೇಳಬೇಕು.

ಕಳೆದ ವರ್ಷ ಈ ವಾರ ಅವಳು ಊರಿಗೆ ಹೋಗಿದ್ದಳು. ಹಾಗಾಗಿ ಇದು ಇಲ್ಲಿ ಕಾದಿದೆಯೆಂದು ಗೊತ್ತಿರಲಿಲ್ಲ. ತಲೆಯೆತ್ತಿದರೆ ಮಿಲ್ಲಿಯ ಸೋಫಾದ ಆ ತುದಿಯಲ್ಲಿ, ಎರಡು ವರ್ಷ ಎಂದೂ ಒಳಗೆ ಬಾರದಿದ್ದವನು, ಲೇಸು ಕಟ್ಟದ ಬೂಟು ಜೋಡಿಸಿಕೊಂಡು ಕೂತಿದ್ದ. ವಿಶಾಲಾಕ್ಷಿ ಪುಸ್ತಕ ಮುಚ್ಚಿ, ಈ ವಾರದ್ದು ಮುಗಿಯಿತು ಎಂದಳು.

ಮಿಲ್ಲಿ ಕುತ್ತಿಗೆಯ ಟವೆಲನ್ನು ತೆಗೆದು ಪಕ್ಕಕ್ಕಿಟ್ಟಳು. ಎಪ್ಪತ್ತು ವರ್ಷ ಆ ಭಾಗ ಕೇಳಿದವಳಿಗೆ ಅದು ಎಲ್ಲಿ ಮುಗಿಯುತ್ತದೆಂದು ಪುಸ್ತಕ ಹೇಳಬೇಕಾಗಿರಲಿಲ್ಲ.

"ಇನ್ನೂ ಒಂಬತ್ತು ವಾಕ್ಯ ಇದೆ. ಹಿಂದಕ್ಕೆ ಹೋಗಿ ಓದು."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು. ಎದುರಿಗೆ ಬೇರೆ ಯಾರಾದರೂ ಆಗಿದ್ದರೆ ಸೆಕೆ ಎನ್ನಬಹುದಿತ್ತು, ತಲೆನೋವು ಎನ್ನಬಹುದಿತ್ತು. ವಿಶಾಲಾಕ್ಷಿ ಓದಲು ಹೋದಳು. ಬಾಯಿಂದ ಬಂದದ್ದು ಆ ಒಂಬತ್ತು ವಾಕ್ಯವಲ್ಲ. ಐವರ್ ಪ್ರಾಸರ್, ಫಾರ್ಮು, ಕೋರ್ಟು, ಗ್ಲೆನಿಸ್. ಗಂಡನಿಗೂ ಹೇಳದ್ದನ್ನು ಕಣ್ಣು ಕಾಣದ ಮುದುಕಿಯ ಮುಂದೆ ಒಂದೇ ಉಸಿರಿಗೆ ಸುರಿದಳು. ಸುರಿದು, ಈಗ ಏನಾದರೂ ಸಮಾಧಾನ ಹೇಳುತ್ತಾಳೆಂದು ಕಾದಳು. ಮಿಲ್ಲಿ ಸಮಾಧಾನದ ಗಿರಾಕಿಯಲ್ಲ.

"ನಾನು ಕ್ಷಮಿಸೋಕೆ ಬರಲ್ಲ," ಎಂದಳು. "ನನಗೆ ನೀನು ಏನೂ ಮಾಡಿಲ್ಲ. ಯಾರಿಗೆ ಮಾಡಿದೆಯೋ ಅವರದು ಆ ಕೆಲಸ."

ಶನಿವಾರ ನನ್ನ ಸರದಿ, ನೀನು ಬಂದು ಓದಬೇಕು, ಪ್ರಶ್ನೆ ನಾನು ಕೇಳುತ್ತೇನೆ ಎಂದಷ್ಟೇ ಸೇರಿಸಿದಳು.

ಶನಿವಾರ ಸಿನಗಾಗಿನ ಹಿಂದಿನ ಕೋಣೆಯಲ್ಲಿ ಒಂಬತ್ತು ಜನ ಇದ್ದರು. ಹತ್ತನೆಯ ಕುರ್ಚಿಯಲ್ಲಿ ಪ್ರಾಸರ್ ಇದ್ದ. ವಿಶಾಲಾಕ್ಷಿ ಅವನ ಕಡೆ ನೋಡದೆ ಒಂಬತ್ತೂ ವಾಕ್ಯಗಳನ್ನು ಓದಿ ಮುಗಿಸಿದಳು. ಕೈ ಹರಿಸಿದ್ದಲ್ಲ ಎಂಬಲ್ಲಿ ದನಿ ಒಡೆಯಿತು. ಯಾರೂ ತಪ್ಪು ಹಿಡಿಯಲಿಲ್ಲ. ಗುಂಪನ್ನು ನಡೆಸುತ್ತಿದ್ದವನು ಲೆನಾರ್ಡ್, ನಿವೃತ್ತ ಗಣಿತದ ಮೇಷ್ಟರು. ಹಿರಿಯರು ಕೊಂದಿದ್ದಾರೆಂದು ಯಾರು ತಾನೇ ಅನುಮಾನಪಡುತ್ತಾರೆ, ಮತ್ತೆ ಅವರೇಕೆ ಕೈ ತೊಳೆಯಬೇಕು ಎಂದು ಹಿಂದಿನ ಕಾಲದ ಪಂಡಿತರು ಕೇಳಿದ್ದಾರೆ ಎಂದ. ಉತ್ತರವೂ ಅವರದೇ: ನಮ್ಮ ಕೈಗೆ ಬಂದವನನ್ನು ಊಟವಿಲ್ಲದೆ ಕಳಿಸಲಿಲ್ಲ, ನಮ್ಮ ಕಣ್ಣಿಗೆ ಬಿದ್ದವನನ್ನು ಜೊತೆಯಿಲ್ಲದೆ ಬಿಡಲಿಲ್ಲ, ಆ ಮಾತಿನ ಅರ್ಥ ಇದು. ವಿಶಾಲಾಕ್ಷಿ ತೊಡೆಯ ಮೇಲಿದ್ದ ಕೈಗಳನ್ನು ಪುಸ್ತಕದ ಕೆಳಗೆ ಸರಿಸಿದಳು.

ಆಗ ಮಿಲ್ಲಿ ತನ್ನ ಪ್ರಶ್ನೆ ಕೇಳಿದಳು. ಹಿರಿಯರು ಸುಳ್ಳು ಹೇಳಿದ್ದರೆ? ಅವನನ್ನು ಒಂಟಿಯಾಗಿ ಬಿಟ್ಟದ್ದು ತಾವೇ ಆಗಿದ್ದು, ದಾರಿಯಲ್ಲಿದ್ದ ಇನ್ಯಾರದೋ ಮೇಲೆ ಹಾಕಿ ಮನೆಗೆ ಹೋಗಿದ್ದರೆ?

ಕೋಣೆ ಜೇನುಗೂಡಾಯಿತು. ಒಬ್ಬರು ಕಡಸು ದಂಡವಾಯಿತು ಎಂದರು, ಇನ್ನೊಬ್ಬರು ಊರೇ ಪಾಪ ಹೊರಬೇಕು ಎಂದರು. ಕೊನೆಗೆ ಲೆನಾರ್ಡ್, ಸತ್ತವನಿಗೆ ಹೇಳಲಾಗದು, ಬದುಕಿದ್ದು ಅಪವಾದ ಹೊತ್ತವರ ಮನೆಗೆ ಹೋಗಿ ಹೇಳಲೇಬೇಕು ಎಂದ. ಮೂಲೆಯಲ್ಲಿದ್ದ, ಒಂದು ಕಾಲಕ್ಕೆ ತುಪ್ಪಳದ ಕೋಟು ಹೊಲಿಯುತ್ತಿದ್ದ ಮುದುಕನೊಬ್ಬ, ಹೇಳುವ ಮೊದಲು ಅವರಿಗೆ ಅದು ಬೇಕೋ ಬೇಡವೋ ಕೇಳಬಾರದೇ ಎಂದು ಗೊಣಗಿದ. ಅವನು ಪ್ರತಿ ವಾರ ಇಂಥದ್ದೊಂದು ಕೊಕ್ಕೆ ಹಾಕುವವನೇ. ಎಲ್ಲರೂ ನಕ್ಕು ಎದ್ದರು. ಅಲ್ಲಿನ ಪದ್ಧತಿಯೇ ಹಾಗೆ, ಎರಡು ಮಾತುಗಳನ್ನು ಜಗಳಕ್ಕೆ ಬಿಟ್ಟು, ತೀರ್ಪು ಕೊಡದೆ, ಪ್ರಾರ್ಥನೆಗೆ ಹೋಗುವುದು.

ಇದು ಆ ಮತದಲ್ಲಿ ಹುಟ್ಟಿದವರಿಗೆ ಗೊತ್ತು. ವಿಶಾಲಾಕ್ಷಿ ಬೆಳೆದದ್ದು ಕೊನೆಯಲ್ಲಿ ಗುರುಗಳು ಹೇಳಿದ್ದೇ ಮಾತು ಎನ್ನುವ ಮನೆಯಲ್ಲಿ. ಅವಳ ಕಿವಿಗೆ ಬಿದ್ದದ್ದು ಲೆನಾರ್ಡನ ಮಾತು ಒಂದೇ. ಪ್ರಾರ್ಥನೆ ಮುಗಿಸಿ ಮನೆಗೆ ನಡೆಯುವಾಗ ಮಿಲ್ಲಿ ಅವಳ ತೋಳು ಹಿಡಿದುಕೊಂಡು, ಇಬ್ಬರು ಹೇಳಿದ್ದನ್ನೂ ಕೇಳಿಸಿಕೊಂಡೆಯಾ ಎಂದಳು. ಕೇಳಿಸಿಕೊಂಡೆ ಎಂದಳು ವಿಶಾಲಾಕ್ಷಿ. ಅವಳ ಮನಸ್ಸು ಆಗಲೇ ಸ್ಟ್ರಾಟ್‌ಫರ್ಡ್‌ಗೆ ಹೋಗುವ ಟ್ಯೂಬ್ ರೈಲಿನಲ್ಲಿತ್ತು.

ಸಂಜೆ ರಾಮಪ್ರಸಾದ ಗಿಡಗಳಿಗೆ ನೀರು ಹಾಕುತ್ತಿದ್ದಾಗ ಅವಳು ಹಿಂದೆ ನಿಂತು ಹೇಳಿದಳು.

"ಆ ಮುದುಕಪ್ಪ ಮಗಳು ಬರ್ತಾಳ ಅಂತ ಹೇಳಿರಲಿಲ್ರೀ. ಫಾರ್ಮಿನ್ಯಾಗ ನಾನೇ ಹಂಗ ಬರದಿದ್ದೆ. ಕೋರ್ಟಿನ್ಯಾಗೂ ಸುಳ್ಳು ಹೇಳೀನಿ."

ರಾಮಪ್ರಸಾದ ಮೈಸೂರಿನ ಮೆತ್ತನೆಯ ಮನುಷ್ಯ. ಪೈಪು ಕೈಯಲ್ಲಿ ಹಿಡಿದು ಒಂದೇ ಕುಂಡಕ್ಕೆ ನೀರು ಬಿಡುತ್ತ ನಿಂತ, ಅದು ತುಂಬಿ ಹರಿಯಿತು. ಹನ್ನೆರಡು ವರ್ಷ ಒಂದೇ ಹಾಸಿಗೆಯಲ್ಲಿ ಮಲಗಿ ಇದನ್ನು ಮುಚ್ಚಿಟ್ಟಳಲ್ಲ ಎಂಬ ನೋವು ಅವನ ಮುಖದಲ್ಲಿ ಕಂಡಿತು. ನಿನ್ನ ಲೈಸೆನ್ಸು ಹೋಗುತ್ತೆ ಕಣೇ ಎಂದ, ಆಮೇಲೆ ಹೋದರೆ ಹೋಗಲಿ ಬಿಡು ಎಂದ. ನಾನೂ ಬರಲಾ ಎಂದು ಕೇಳಿದ. ಅವಳು ಬೇಡವೆಂದಳು.

ಜ್ಯೂಬಿಲಿ ಲೈನಿನ ಒಂದು ತುದಿ ಸ್ಟ್ಯಾನ್ಮೋರ್, ಇನ್ನೊಂದು ತುದಿ ಸ್ಟ್ರಾಟ್‌ಫರ್ಡ್. ಭಾನುವಾರ ಬೆಳಿಗ್ಗೆ ಖಾಲಿ ಡಬ್ಬಿಯಲ್ಲಿ ವಿಶಾಲಾಕ್ಷಿ ಕೂತಳು, ಎದುರು ಸೀಟಿನಲ್ಲಿ ಪ್ರಾಸರ್ ಕೂತ. ಈ ಸಲ ಅವಳು ಸೀಟು ಬದಲಿಸಲಿಲ್ಲ. ಕ್ಯಾನನ್ಸ್ ಪಾರ್ಕ್, ಕಿಂಗ್ಸ್‌ಬರಿ, ವೆಂಬ್ಲಿ ದಾಟಿ ರೈಲು ನೆಲದೊಳಗೆ ಹೋಯಿತು. ಏನು ಹೇಳಬೇಕೆಂದು ಅವಳು ಹತ್ತು ಸಲ ಮನಸ್ಸಿನಲ್ಲಿ ಒಪ್ಪಿಸಿದಳು. ನಿಮ್ಮ ತಲೆಯ ಮೇಲೆ ನಾನಿಟ್ಟ ಕಲ್ಲನ್ನು ನಾನೇ ಇಳಿಸಲು ಬಂದಿದ್ದೇನೆ. ಆ ಹೆಂಗಸು ಬೈಯಬಹುದು, ಹೊಡೆಯಬಹುದು, ದೂರು ಕೊಡಬಹುದು. ಎಲ್ಲಕ್ಕೂ ಅವಳು ತಯಾರಿದ್ದಳು; ಒಂದು ಬಗೆಯ ಹಗುರವೂ ಆಗಿತ್ತು.

ಗ್ಲೆನಿಸ್ ಇದ್ದದ್ದು ಕೌನ್ಸಿಲ್‌ನ ಬಾಡಿಗೆ ಕಟ್ಟಡದ ಮೂರನೇ ಮಹಡಿಯ ಫ್ಲಾಟಿನಲ್ಲಿ. ಲಿಫ್ಟು ಕೆಟ್ಟಿತ್ತು. ವಿಶಾಲಾಕ್ಷಿ ಮೆಟ್ಟಿಲು ಹತ್ತಿದಳು, ಹಿಂದೆ ಬೂಟುಗಳು ಎಳೆದ ಸದ್ದು ಕೇಳುತ್ತಿತ್ತು. ಬಾಗಿಲು ತೆರೆದವಳಿಗೆ ಐವತ್ತು ದಾಟಿತ್ತು, ಮುಂಗೂದಲು ನರೆತಿತ್ತು. ಅರೆಗಳಿಗೆ ನೋಡಿ ಗುರುತು ಹಿಡಿದಳು. ನೀವು ಆ ಡಾಕ್ಟರ್ ಅಲ್ಲವೇ ಎಂದು ಎರಡೂ ಕೈಯಿಂದ ವಿಶಾಲಾಕ್ಷಿಯ ಕೈ ಹಿಡಿದು ಒಳಗೆ ಕರೆದುಕೊಂಡಳು. ಗೋಡೆಯ ಮೇಲೆ ಹಾಲಿನವನ ಟೋಪಿ ಹಾಕಿದ ಐವರ್ ಪ್ರಾಸರ್‌ನ ಫೋಟೋ, ಅದರ ಕೆಳಗೆ ತಾಜಾ ಹೂವು. ನಮ್ಮಪ್ಪನ ಜೊತೆ ಕೊನೆಯದಾಗಿ ಮಾತಾಡಿದವರು ನೀವು, ನಿಮಗೆ ಒಂದು ಮಾತು ಹೇಳಬೇಕೆಂದು ಎಷ್ಟೋ ವರ್ಷದಿಂದ ಅಂದುಕೊಂಡಿದ್ದೆ ಎಂದು ಅವಳು ಶುರು ಮಾಡಿದಳು.

ವಿಶಾಲಾಕ್ಷಿ ತಡೆದಳು. ಆ ಮಾತು ಕೇಳಿದರೆ ತನ್ನ ಧೈರ್ಯ ಹೋಗುತ್ತದೆಂಬ ಭಯ ಅವಳಿಗೆ. ಮೊದಲು ನಾನು ಹೇಳಿಬಿಡುತ್ತೇನೆ ಎಂದು, ನಿಂತುಕೊಂಡೇ, ರೈಲಿನಲ್ಲಿ ಒಪ್ಪಿಸಿದ ಹಾಗೇ ಹೇಳಿದಳು. ನಿಮ್ಮ ಹೆಸರು ಫಾರ್ಮಿನಲ್ಲಿತ್ತು. ಮಗಳು ಬರುತ್ತಾಳೆಂದು ಬರೆದದ್ದು ನಾನು. ನಿಮಗಾಗಿ ಅವರು ಕಾಯುತ್ತಿರಲಿಲ್ಲ, ನೀವು ಬರದೆ ಹೋದದ್ದೂ ಅಲ್ಲ. ತಪ್ಪು ನನ್ನದು.

ಗ್ಲೆನಿಸ್ ಕೂತಳು. ಹಾಗಾದರೆ ಅಪ್ಪ ಏನು ಅಂದರು ಎಂದು ಕೇಳಿದಳು.

ಇನ್ನೊಂದು ಸುಳ್ಳು ನಾಲಿಗೆಯ ತುದಿಯಲ್ಲೇ ಇತ್ತು. ಆದರೆ ಅವಳು ಸತ್ಯ ಹೇಳಲೆಂದೇ ಊರಿನ ಆ ತುದಿಯಿಂದ ಬಂದವಳು.

"ನನಗೆ ಯಾರೂ ಇಲ್ಲ ಅಂದರು."

ಗ್ಲೆನಿಸ್ ಕೂಗಲಿಲ್ಲ, ಅಳಲಿಲ್ಲ. ಫೋಟೋವನ್ನು ನೋಡಿದಳು, ಬೇರೆ ಯಾರದೋ ಮನೆಯ ಗೋಡೆ ನೋಡುವಂತೆ. ಅಮ್ಮ ಸತ್ತ ಮೇಲೆ ನಾನೂ ಅಪ್ಪನೂ ಒಂಬತ್ತು ವರ್ಷ ಮಾತು ಬಿಟ್ಟಿದ್ದೆವು ಎಂದಳು. ಕೊನೆಯ ಬೆಳಿಗ್ಗೆ ನನ್ನನ್ನು ನೆನೆದರಲ್ಲ, ಮಗಳು ಬರುತ್ತಾಳೆ ಅಂದರಲ್ಲ, ಅಂದು ಕೋರ್ಟಿನಲ್ಲಿ ಅತ್ತದ್ದು ಅದಕ್ಕೆ. ನಿಮಗೆ ಥ್ಯಾಂಕ್ಸ್ ಹೇಳಬೇಕೆಂದಿದ್ದದ್ದೂ ಅದಕ್ಕೇ.

"ಹನ್ನೆರಡು ವರ್ಷ ನಾನು ತಪ್ಪಿತಸ್ಥೆಯಾಗಿದ್ದೆ, ನಿಜ," ಎಂದಳು. "ಆದರೆ ಮಗಳಾಗಿದ್ದೆ. ಇನ್ನು ನೀವು ಹೋಗಿ."

ವಿಶಾಲಾಕ್ಷಿ ಹೊರಗೆ ಬಂದಳು. ಬಾಗಿಲು ಮುಚ್ಚಿತು. ಐವರ್ ಪ್ರಾಸರ್ ಬಾಗಿಲ ಪಕ್ಕದ ಮೆಟ್ಟಿಲ ಮೇಲೆ ಗೋಡೆಗೆ ಬೆನ್ನು ಕೊಟ್ಟು ಕೂತಿದ್ದ. ಅವಳು ಒಂದು ಮಹಡಿ ಇಳಿದಳು. ಹಿಂದೆ ಬೂಟಿನ ಸದ್ದು ಬರಲಿಲ್ಲ. ಕಾದಳು. ಹನ್ನೆರಡು ವರ್ಷ ಯಾರಿಂದ ಓಡಿದ್ದಳೋ ಅವನನ್ನು ಕರೆತರಲು ಮತ್ತೆ ಮೆಟ್ಟಿಲು ಹತ್ತಿದಳು. ತಾನು ಇಳಿಸಲು ಬಂದದ್ದೇನು, ಇಟ್ಟು ಹೋಗುತ್ತಿರುವುದೇನು ಎಂಬುದು ಆಗ ಅವಳಿಗೆ ಅರ್ಥವಾಯಿತು.

"ಬರ್ರಿ," ಎಂದಳು ಮೆಲ್ಲಗೆ, ತನ್ನ ಧಾರವಾಡದ ಮಾತಿನಲ್ಲೇ. "ನನ್ನ ಜೋಡಿ ಬರ್ರಿ. ಇಲ್ಲಿ ಕೂಡಬ್ಯಾಡ್ರಿ."

ಅವನು ತಲೆಯೆತ್ತಲಿಲ್ಲ. ಅವನ ಕಣ್ಣು ಮುಚ್ಚಿದ ಬಾಗಿಲ ಮೇಲಿತ್ತು. ಒಳಗಿನಿಂದ ಗೋಡೆಯ ಮೊಳೆಯಿಂದ ಏನನ್ನೋ ಕಳಚಿದ ಸದ್ದು ಕೇಳಿಸಿತು. ವಿಶಾಲಾಕ್ಷಿ ಇನ್ನೂ ಸ್ವಲ್ಪ ಹೊತ್ತು ನಿಂತಿದ್ದು, ಆಮೇಲೆ ಸ್ಟೇಷನ್ನಿನ ಕಡೆಗೆ ಒಬ್ಬಳೇ ನಡೆದಳು.